ಮುರುಗಲು ಬೀಜದಿಂದ ತುಪ್ಪ: ಸೂಪರ್‌ಕ್ರಿಟಿಕಲ್ ಇಂಗಾಲದ ಡೈಆಕ್ಸೈಡ್‌ನಲ್ಲಿ ಎಣ್ಣೆ ಕರಗಿಸಿ ತೆಗೆಯುವ ಕ್ರಮ

ಮೇ ತಿಂಗಳ ಕೊನೆಯ ಹೊತ್ತಿಗೆ ಶಿರಸಿ, ಸಿದ್ದಾಪುರ, ಕುಮಟಾ ಸುತ್ತಲಿನ ಮನೆಗಳ ಅಂಗಳದಲ್ಲಿ ಮುರುಗಲು ಸಿಪ್ಪೆ ಒಣಗುತ್ತಿರುವಾಗ, ಅದರ ಬೀಜ ಮೂಲೆಯಲ್ಲೊಂದು ರಾಶಿಯಾಗಿ ಬಿದ್ದಿರುತ್ತದೆ. ಕೋಕಂ ಎಂದೂ ಕರೆಯುವ, ಕೊಂಕಣಿಯವರು ಭಿರಂಡ ಎನ್ನುವ ಇದೇ ಹಣ್ಣಿನ ಬೀಜದ ಪಪ್ಪಿನಲ್ಲಿ, ಅಂದರೆ ಚಿಪ್ಪಿನೊಳಗಿನ ತಿರುಳಿನಲ್ಲಿ, ಮೂರನೆಯ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕೊಬ್ಬು ಇದೆ. ಬೀಜವನ್ನು ಕುಟ್ಟಿ, ನೀರಿನಲ್ಲಿ ಕುದಿಸಿ, ತೇಲಿದ ಕೊಬ್ಬನ್ನು, ಅಂದರೆ ಮುರುಗಲು ತುಪ್ಪವನ್ನು, ತೆಗೆದು ಉಂಡೆ ಕಟ್ಟುವ ಮನೆಯ ಕ್ರಮದಲ್ಲಿ ಅದರ ಒಂದು ಪಾಲು ಚರಟದಲ್ಲೇ ಉಳಿದುಹೋಗುತ್ತದೆ. ಹೆಕ್ಸೇನ್ ದ್ರಾವಕ ಬಳಸಿದರೆ ಬಹುತೇಕ ಎಲ್ಲವೂ ಸಿಗುತ್ತದೆ. ಆದರೆ ಹಾಗೆ ತೆಗೆದ ಎಣ್ಣೆಯನ್ನು ಸಂಸ್ಕರಿಸದೆ ಆಹಾರಕ್ಕೆ ಮಾರುವಂತಿಲ್ಲ, ಮತ್ತು ಹೆಕ್ಸೇನ್ ಬೆಂಕಿಗೆ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಇವೆರಡರ ನಡುವಿನ ದಾರಿಯೊಂದನ್ನು, ಅಂದರೆ ಒತ್ತಡದಲ್ಲಿರುವ ಇಂಗಾಲದ ಡೈಆಕ್ಸೈಡ್ ಅನ್ನೇ ದ್ರಾವಕವಾಗಿ ಬಳಸುವ ಕ್ರಮವನ್ನು, ಈ ಲೇಖನ ಹಂತಹಂತವಾಗಿ ವಿವರಿಸುತ್ತದೆ. ಕೆಲವು ಲೀಟರ್ ಗಾತ್ರದ ಪ್ರಾಯೋಗಿಕ ಯಂತ್ರದಲ್ಲಿ ಮೊದಲ ಬಾರಿಗೆ ಕೆಲಸ ಮಾಡಲಿರುವ ವಿದ್ಯಾರ್ಥಿಗಳನ್ನೂ, ಬಾಡಿಗೆ ಯಂತ್ರದಲ್ಲಿ ತಮ್ಮ ಬೀಜವನ್ನು ಪರೀಕ್ಷಿಸಿ ನೋಡಬೇಕೆಂದಿರುವ ಬೆಳೆಗಾರರ ಗುಂಪುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಯಂತ್ರವನ್ನು ನೋಡಲು ಬರುವವರು ಮೊದಲು ಕೇಳುವುದು "ಎಷ್ಟು ಬಾರ್ ಒತ್ತಡ?" ಎಂದು. (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ.) ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆ ಒತ್ತಡದಲ್ಲಿ, ಆ ಉಷ್ಣತೆಯಲ್ಲಿ, ಒಂದು ಕಿಲೋ ಅನಿಲ ಎಷ್ಟು ಗ್ರಾಂ ಎಣ್ಣೆಯನ್ನು ಹೊತ್ತು ತರುತ್ತದೆ? ಯಂತ್ರ ಎಷ್ಟು ಹೊತ್ತು ಓಡಬೇಕು, ಎಷ್ಟು ವಿದ್ಯುತ್ ಬೇಕು, ಕೊನೆಗೆ ತುಪ್ಪದ ಬೆಲೆ ಎಷ್ಟಾಗುತ್ತದೆ ಎಂಬ ಎಲ್ಲ ಲೆಕ್ಕವೂ ಆ ಒಂದು ಸಂಖ್ಯೆಯ ಮೇಲೆ ನಿಂತಿದೆ.

ಯಾವುದಕ್ಕೆ ಹೊಂದುತ್ತದೆ, ಯಾವುದಕ್ಕಿಲ್ಲ

ತೆಂಗಿನೆಣ್ಣೆಗೆ ಈ ಕ್ರಮ ಬೇಡ. ಒಣಕೊಬ್ಬರಿಯಲ್ಲಿ ಶೇ. 60ರಿಂದ 65ರಷ್ಟು ಎಣ್ಣೆ ಇದ್ದು, ಅದನ್ನು ಗಾಣವೇ ಚೆನ್ನಾಗಿ ಹಿಂಡಿಕೊಡುತ್ತದೆ. ನೂರಾರು ಬಾರ್ ಒತ್ತಡದ ವೆಚ್ಚವನ್ನು ಅದರ ಮೇಲೆ ಹೇರುವುದರಲ್ಲಿ ಅರ್ಥವಿಲ್ಲ. ಮುರುಗಲು ಸಿಪ್ಪೆಯ ಕೆಂಪು ಬಣ್ಣವನ್ನೂ ಹುಳಿಯನ್ನೂ ಇದರಿಂದ ತೆಗೆಯುತ್ತೇವೆ ಎಂದು ಹೊರಡುವವರಿಗೆ ನಿರಾಸೆ ಖಂಡಿತ. ಅವೆರಡೂ ನೀರಿಗೆ ಒಲಿಯುವ ಪದಾರ್ಥಗಳು. ಇಂಗಾಲದ ಡೈಆಕ್ಸೈಡ್‌ಗೆ ಒಲಿಯುವುದು ಎಣ್ಣೆ, ಮೇಣ, ಪರಿಮಳ ತೈಲದಂಥವು. ಜಾಯಿಕಾಯಿ, ಜಾಪತ್ರೆ, ಕಾಳುಮೆಣಸು, ಏಲಕ್ಕಿ ಇವು ಈ ಕ್ರಮಕ್ಕೆ ಅತ್ಯುತ್ತಮವಾಗಿ ಹೊಂದುತ್ತವೆ, ಏಕೆಂದರೆ ಅವುಗಳ ಪರಿಮಳ ಬಿಸಿಗೆ ಕೆಡುತ್ತದೆ ಮತ್ತು ಅವುಗಳ ಬೆಲೆ ಯಂತ್ರದ ವೆಚ್ಚವನ್ನು ತಾಳಿಕೊಳ್ಳುತ್ತದೆ. ಮುರುಗಲು ಬೀಜ ತೆಂಗಿನೆಣ್ಣೆಗೂ ಈ ಸಾಂಬಾರ ಪದಾರ್ಥಗಳಿಗೂ ನಡುವೆ ಬರುತ್ತದೆ. ಸೌಂದರ್ಯ ಸಾಧನಗಳ ತಯಾರಕರು ಬಿಳಿಯ, ವಾಸನೆಯಿಲ್ಲದ, ದ್ರಾವಕ ಸೋಂಕದ ತುಪ್ಪವನ್ನೇ ಕೇಳಿ ಒಳ್ಳೆಯ ಬೆಲೆ ಕೊಡುವುದಾದರೆ ಮಾತ್ರ ಲಾಭ; ಮನೆಯಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವುದಕ್ಕಾದರೆ ಕುದಿಸಿ ತೆಗೆದ ತುಪ್ಪವೇ ಸಾಕು.

ಕರಗುವಿಕೆಯ ಲೆಕ್ಕ

ಇಂಗಾಲದ ಡೈಆಕ್ಸೈಡ್‌ನ ಕ್ರಾಂತಿಕ ಬಿಂದು 31 ಡಿಗ್ರಿ ಸೆಲ್ಸಿಯಸ್ ಮತ್ತು 73.8 ಬಾರ್. 1869ರಲ್ಲಿ ರಸಾಯನವಿಜ್ಞಾನಿ ಥಾಮಸ್ ಆಂಡ್ರ್ಯೂಸ್ ಇದೇ ಅನಿಲವನ್ನು ಗಾಜಿನ ಕೊಳವೆಯಲ್ಲಿ ಅದುಮಿ, ಈ ಉಷ್ಣತೆಯನ್ನು ದಾಟಿದ ಮೇಲೆ ಎಷ್ಟೇ ಒತ್ತಿದರೂ ದ್ರವ ಬೇರೆ, ಅನಿಲ ಬೇರೆ ಎಂಬ ಗೆರೆ ಮೂಡುವುದಿಲ್ಲ ಎಂಬುದನ್ನು ತೋರಿಸಿದರು. ಈ ಉಷ್ಣತೆ, ಒತ್ತಡ ಎರಡನ್ನೂ ದಾಟಿದ ಸ್ಥಿತಿಯೇ ಸೂಪರ್‌ಕ್ರಿಟಿಕಲ್; ಆ ಸ್ಥಿತಿಯಲ್ಲಿ ಅದಕ್ಕೆ ದ್ರವದಂಥ ತೂಕವೂ ಅನಿಲದಂಥ ನುಸುಳುವ ಗುಣವೂ ಒಟ್ಟಿಗೆ ಇರುತ್ತವೆ. 300 ಬಾರ್‌ನಲ್ಲಿ ಕೂಡ ಅದರ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ಸಾಮಾನ್ಯ ನೀರಿನ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಹಾಗಾಗಿಯೇ ಪುಡಿಯ ಕಣಗಳೊಳಗೆ ಅದು ಬಲು ಬೇಗ ಇಳಿಯುತ್ತದೆ.

ಎಣ್ಣೆಯನ್ನು ಕರಗಿಸುವ ಶಕ್ತಿ ಮುಖ್ಯವಾಗಿ ಸಾಂದ್ರತೆಯಿಂದ ಬರುತ್ತದೆ. 40 ಡಿಗ್ರಿಯಲ್ಲಿ ಒಂದು ಲೀಟರ್ ಇಂಗಾಲದ ಡೈಆಕ್ಸೈಡ್ 100 ಬಾರ್‌ಗೆ ಸುಮಾರು 630 ಗ್ರಾಂ ತೂಗಿದರೆ, 200 ಬಾರ್‌ಗೆ 840, 300ಕ್ಕೆ 910, 400ಕ್ಕೆ 955 ಗ್ರಾಂ ತೂಗುತ್ತದೆ. ಅದನ್ನೇ 60 ಡಿಗ್ರಿಗೆ ಬಿಸಿ ಮಾಡಿದರೆ ಅನುಕ್ರಮವಾಗಿ 290, 725, 830, 890 ಗ್ರಾಂ. ಒತ್ತಡ ಕಡಿಮೆ ಇರುವಾಗ 20 ಡಿಗ್ರಿ ಬಿಸಿ ಎಷ್ಟು ದೊಡ್ಡ ಪೆಟ್ಟು ಕೊಡುತ್ತದೆ, ಒತ್ತಡ ಹೆಚ್ಚಿದಂತೆ ಆ ಪೆಟ್ಟು ಹೇಗೆ ಚಿಕ್ಕದಾಗುತ್ತದೆ ಎಂಬುದನ್ನು ಈ ಎರಡು ಸಾಲುಗಳಲ್ಲಿ ಗಮನಿಸಬೇಕು.

ಸಾಂದ್ರತೆಗೂ ಕರಗುವಿಕೆಗೂ ಇರುವ ಸಂಬಂಧವನ್ನು 1982ರಲ್ಲಿ ಕ್ರಾಸ್ಟಿಲ್ ಎಂಬ ಸಂಶೋಧಕರು ಒಂದು ಸರಳ ಸಮೀಕರಣದಲ್ಲಿ ಹಿಡಿದಿಟ್ಟರು. 1988ರಲ್ಲಿ ಡೆಲ್ ವಾಲೆ ಮತ್ತು ಅಗಿಲೇರಾ ಅದನ್ನು ತಿದ್ದಿ, ಖಾದ್ಯ ತೈಲಗಳಿಗೆ ಹೊಂದುವ ರೂಪವೊಂದನ್ನು ಕೊಟ್ಟರು. ಸ್ವಾಭಾವಿಕ ಲಾಗರಿದಮ್ (ln) ಗುಂಡಿಯಿರುವ ವೈಜ್ಞಾನಿಕ ಕ್ಯಾಲ್ಕ್ಯುಲೇಟರಿನಲ್ಲಿ ಮಾಡಬಹುದಾದ ಲೆಕ್ಕವಾದ್ದರಿಂದ ಅದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ. "ತಾ" ಎಂದರೆ ಕೆಲ್ವಿನ್‌ನಲ್ಲಿ ಉಷ್ಣತೆ, ಅಂದರೆ ಸೆಲ್ಸಿಯಸ್‌ಗೆ 273 ಕೂಡಿಸಿದ್ದು. "ಸಾಂ" ಎಂದರೆ ಲೀಟರಿಗೆ ಕಿಲೋಗಳಲ್ಲಿ ಸಾಂದ್ರತೆ. "ಕ" ಎಂದರೆ ಒಂದು ಲೀಟರ್ ಇಂಗಾಲದ ಡೈಆಕ್ಸೈಡ್‌ನಲ್ಲಿ ಕರಗುವ ಎಣ್ಣೆಯ ಗ್ರಾಂಗಳು.

ಕ ಇದರ ಸ್ವಾಭಾವಿಕ ಲಾಗರಿದಮ್ = 40.361 − (18708 ÷ ತಾ) + (2186840 ÷ ತಾ ÷ ತಾ) + 10.724 × (ಸಾಂ ಇದರ ಸ್ವಾಭಾವಿಕ ಲಾಗರಿದಮ್)

ಬಂದ ಉತ್ತರಕ್ಕೆ ಪ್ರತಿಲಾಗರಿದಮ್ (ಕ್ಯಾಲ್ಕ್ಯುಲೇಟರಿನ eˣ ಗುಂಡಿ) ತೆಗೆದರೆ "ಕ" ಸಿಗುತ್ತದೆ; ಅದನ್ನು ಸಾಂದ್ರತೆಯಿಂದ ಭಾಗಿಸಿದರೆ ಒಂದು ಕಿಲೋ ಅನಿಲಕ್ಕೆ ಎಷ್ಟು ಗ್ರಾಂ ಎಂಬುದು ಸಿಗುತ್ತದೆ. 200 ಬಾರ್‌ನಲ್ಲಿ ಈ ಲೆಕ್ಕ 40 ಡಿಗ್ರಿಗೆ ಕಿಲೋಗೆ 3.4 ಗ್ರಾಂ ಎಂದೂ, 60 ಡಿಗ್ರಿಗೆ 2.2 ಗ್ರಾಂ ಎಂದೂ ಹೇಳುತ್ತದೆ. ಅಂದರೆ ಬಿಸಿ ಮಾಡಿದ್ದರಿಂದ ನಷ್ಟವೇ ಆಯಿತು. 300 ಬಾರ್‌ನಲ್ಲಿ 40 ಡಿಗ್ರಿಗೆ 7.4, 60 ಡಿಗ್ರಿಗೆ 8.1, ಇಲ್ಲಿ ಎರಡೂ ಹತ್ತಿರಹತ್ತಿರ ಸಮ. 400 ಬಾರ್‌ಗೆ ಏರಿದರೆ 40 ಡಿಗ್ರಿಗೆ 12 ಗ್ರಾಂ, 60 ಡಿಗ್ರಿಗೆ 16 ಗ್ರಾಂ. ಬಿಸಿ ಏರಿದಾಗ ಒಂದು ಕಡೆ ಅನಿಲದ ಸಾಂದ್ರತೆ ಇಳಿಯುತ್ತದೆ, ಇನ್ನೊಂದು ಕಡೆ ಎಣ್ಣೆಯ ಅಣುಗಳಿಗೆ ಬಿಡಿಸಿಕೊಂಡು ಹೊರಡುವ ಶಕ್ತಿ ಹೆಚ್ಚುತ್ತದೆ. 300 ಬಾರ್‌ನ ಆಸುಪಾಸಿನವರೆಗೆ ಮೊದಲಿನದರ ಕೈ ಮೇಲಾದರೆ, ಅದರಾಚೆಗೆ ಎರಡನೆಯದರ ಕೈ ಮೇಲಾಗುತ್ತದೆ. ಯಂತ್ರ 250 ಬಾರ್‌ಗೇ ಸೀಮಿತವಾಗಿದ್ದರೆ ಬಿಸಿ ಹೆಚ್ಚಿಸಿ ಪ್ರಯೋಜನವಿಲ್ಲ, 400 ಬಾರ್ ತಾಳುವ ಯಂತ್ರವಿದ್ದರೆ ಬಿಸಿ ಮಾಡದಿರುವುದೇ ನಷ್ಟ.

ಈ ಸಮೀಕರಣವನ್ನು ಸೋಯಾ, ಸೂರ್ಯಕಾಂತಿಯಂಥ ದ್ರವ ಎಣ್ಣೆಗಳ ಅಳತೆಗಳಿಂದ ಕಟ್ಟಿದ್ದು, 20ರಿಂದ 80 ಡಿಗ್ರಿಯ ಒಳಗೆ, 150 ಬಾರ್‌ಗಿಂತ ಮೇಲೆ ಬಳಸತಕ್ಕದ್ದು. ಮುರುಗಲು ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲವೂ, ಉಳಿದುದರಲ್ಲಿ ಬಹುಪಾಲು ಓಲಿಯಿಕ್ ಆಮ್ಲವೂ ಇರುವುದರಿಂದ ಅದರ ನಡತೆ ಸ್ವಲ್ಪ ಬೇರೆಯಾಗಿರುತ್ತದೆ. ಆದ್ದರಿಂದ ಲೆಕ್ಕದಿಂದ ಬಂದ ಸಂಖ್ಯೆಯನ್ನು ಯೋಜನೆಗೆ ಬಳಸಿ, ನಿಜವಾದ ಸಂಖ್ಯೆಯನ್ನು ನಿಮ್ಮ ಯಂತ್ರದಲ್ಲೇ ಅಳೆದುಕೊಳ್ಳಬೇಕು. ಅಳೆಯುವ ಬಗೆಯನ್ನು ಮುಂದೆ ಹೇಳಿದ್ದೇನೆ. ಕೊಬ್ಬಿನಾಮ್ಲದ ಸರಪಳಿ ಗಿಡ್ಡದಾದಷ್ಟೂ ಕರಗುವಿಕೆ ಹೆಚ್ಚು ಎಂಬುದನ್ನೂ ನೆನಪಿಡಬೇಕು. 14 ಇಂಗಾಲದ ಸರಪಳಿಯುಳ್ಳ ಜಾಯಿಕಾಯಿ ಕೊಬ್ಬು 18 ಇಂಗಾಲದ ಮುರುಗಲು ಕೊಬ್ಬಿಗಿಂತ ಸುಲಭವಾಗಿ ಕರಗುತ್ತದೆ. ಕೊಬ್ಬು ಒಡೆದು ಬಿಡುಗಡೆಯಾದ ಆಮ್ಲಗಳು ಇಡಿಯ ಕೊಬ್ಬಿಗಿಂತ ಬಹಳ ಬೇಗ ಕರಗುತ್ತವೆ.

ಓಡಿಸುವ ಮೊದಲು ಕಾಗದದ ಮೇಲೆ

ಬೀಜದ ಪುಡಿ ತುಂಬಿ ಅನಿಲ ಹಾಯಿಸುವ ಐದು ಲೀಟರಿನ ಪಾತ್ರೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಲೀಟರಿಗೆ ಅರ್ಧ ಕಿಲೋದಂತೆ ಪುಡಿ ಕೂತರೆ ಎರಡೂವರೆ ಕಿಲೋ ಹಿಡಿಯುತ್ತದೆ, ಶೇ. 35 ಕೊಬ್ಬಿನ ಲೆಕ್ಕದಲ್ಲಿ ಅದರಲ್ಲಿ 875 ಗ್ರಾಂ ತುಪ್ಪವಿದೆ. 300 ಬಾರ್, 60 ಡಿಗ್ರಿಯಲ್ಲಿ ಕಿಲೋಗೆ 8 ಗ್ರಾಂ ಕರಗುವುದಾದರೆ ಕನಿಷ್ಠ 110 ಕಿಲೋ ಅನಿಲ ಪುಡಿಯ ಮೂಲಕ ಹಾಯಬೇಕು. ಪಂಪ್ ಗಂಟೆಗೆ 20 ಕಿಲೋ ತಳ್ಳಿದರೆ ಐದೂವರೆ ಗಂಟೆಯಾಯಿತು; ಕೊನೆಯ ಹಂತ ನಿಧಾನವಾಗುವುದರಿಂದ ಏಳೆಂಟು ಗಂಟೆ ಎಂದಿಟ್ಟುಕೊಳ್ಳುವುದು ಕ್ಷೇಮ. ಅದೇ 400 ಬಾರ್‌ನಲ್ಲಿ 55 ಕಿಲೋ ಅನಿಲ, ಮೂರು ಗಂಟೆಗೂ ಕಡಿಮೆ. 200 ಬಾರ್, 60 ಡಿಗ್ರಿಯಲ್ಲಾದರೆ ಸುಮಾರು 400 ಕಿಲೋ ಅನಿಲ, 20 ಗಂಟೆ. ಬಾಡಿಗೆಯನ್ನು ಗಂಟೆಯ ಲೆಕ್ಕದಲ್ಲಿ ಕೊಡುವವರಿಗೆ ಈ ಮೂರು ಸಂಖ್ಯೆಗಳ ನಡುವಿನ ಅಂತರವೇ ಲಾಭ ಮತ್ತು ನಷ್ಟದ ನಡುವಿನ ಅಂತರ. ಇನ್ನೂ ಮೇಲೆ, 800 ಬಾರ್, 80 ಡಿಗ್ರಿಯ ಸುತ್ತ, ಕರಗುವಿಕೆ ಹಲವು ಪಟ್ಟು ಏರುತ್ತದೆಯಾದರೂ ಅಂಥ ಪಾತ್ರೆಯ ಉಕ್ಕಿನ ದಪ್ಪ ಮತ್ತು ಬೆಲೆ ಸಣ್ಣ ಘಟಕಗಳ ಕೈಗೆಟುಕುವಂಥದ್ದಲ್ಲ.

ಇಷ್ಟು ಅನಿಲ ವ್ಯರ್ಥವಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲ, ಎಣ್ಣೆಯನ್ನು ಕೆಳಗಿಳಿಸಿದ ಅನಿಲವನ್ನು ಮತ್ತೆ ತಣಿಸಿ ಪಂಪಿಗೆ ಕಳುಹಿಸುವ ಸುತ್ತು ಒಳ್ಳೆಯ ಯಂತ್ರದಲ್ಲಿ ಇದ್ದೇ ಇರುತ್ತದೆ. ಪ್ರತಿ ಸಲ ಪಾತ್ರೆ ತೆರೆಯುವಾಗ ಹೊರಹೋಗುವುದು ಪುಡಿಯ ಸಂದಿಯಲ್ಲಿ ತುಂಬಿಕೊಂಡಿರುವ ಎರಡು, ಎರಡೂವರೆ ಕಿಲೋ ಮಾತ್ರ.

ಒಣಗಿಸುವುದು

ನಮ್ಮ ಜಿಲ್ಲೆಯಲ್ಲಿ ಈ ಇಡೀ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ. ಮುರುಗಲು ಹಣ್ಣಾಗುವುದು ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ. ಕೊನೆಯ ಕೊಯ್ಲಿನ ಬೀಜ ಕೈಗೆ ಬರುವಾಗ ಘಟ್ಟದ ಮೇಲೂ ಕೆಳಗೂ ಬಿಸಿಲು ಮುಗಿದಿರುತ್ತದೆ. ಮೊದಲ ವರ್ಷ ನಾನು ಜುಲೈ ತಿಂಗಳಲ್ಲಿ ಕೈಗೆ ಒಣಗಿದಂತೆ ತೋರುತ್ತಿದ್ದ ಬೀಜವನ್ನು ತೇವಾಂಶ ಅಳೆಯದೆ ಪಾತ್ರೆಗೆ ತುಂಬಿದ್ದೆ. ಮೂರನೆಯ ಗಂಟೆಯ ಹೊತ್ತಿಗೆ ತುಪ್ಪದ ಬದಲು ಹಾಲಿನಂಥ ನೀರುತುಪ್ಪ ಇಳಿಯತೊಡಗಿತು, ಸ್ವಲ್ಪ ಹೊತ್ತಿನಲ್ಲಿ ಕೊಳವೆಯೇ ಕಟ್ಟಿಕೊಂಡಿತು, ಆ ದಿನದ ಬೀಜವೂ ಬಾಡಿಗೆಯೂ ಕೈಬಿಟ್ಟುಹೋದವು. ಆಮೇಲೆ ತೇವಾಂಶವನ್ನು ಬರೆದುಕೊಳ್ಳದೆ ಒಂದು ಸಲವೂ ಯಂತ್ರ ಓಡಿಸಿಲ್ಲ.

ತೇವಾಂಶ ಶೇ. 8ಕ್ಕಿಂತ ಕೆಳಗಿರಲಿ. ಹತ್ತು ಗ್ರಾಂ ಪುಡಿಯನ್ನು 105 ಡಿಗ್ರಿಯ ಓವನ್‌ನಲ್ಲಿ ತೂಕ ನಿಲ್ಲುವವರೆಗೆ ಇಟ್ಟು, ಎಷ್ಟು ಇಳಿಯಿತು ಎಂದು ನೋಡಿದರೆ ಸಾಕು. ವಿಶೇಷ ಉಪಕರಣ ಬೇಡ. ಪುಡಿಯಲ್ಲಿ ನೀರು ಹೆಚ್ಚಿದ್ದರೆ ಅದು ಅನಿಲಕ್ಕೂ ಎಣ್ಣೆಗೂ ನಡುವೆ ತಡೆಯಾಗಿ ನಿಲ್ಲುತ್ತದೆ. ಜೊತೆಗೆ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗಿ, ಪಿಎಚ್ 3ರ ಹತ್ತಿರದ ಹುಳಿನೀರು ಉಕ್ಕಿನ ಮೈಗೆ ತಾಗುತ್ತಿರುತ್ತದೆ.

ಅಡಿಕೆಗೆಂದು ಕಟ್ಟಿಕೊಂಡಿರುವ ಡ್ರೈಯರ್ ಮನೆಯಲ್ಲಿದ್ದರೆ ಬೀಜವನ್ನು ಅದರಲ್ಲೇ 50ರಿಂದ 55 ಡಿಗ್ರಿಯಲ್ಲಿ ತೆಳುವಾಗಿ ಹರಡಿ ಒಣಗಿಸಬಹುದು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿದ ಬೀಜವನ್ನು ಮಾತ್ರ ತರಬೇಡಿ. ಹೊಗೆಯ ವಾಸನೆಯ ಪದಾರ್ಥಗಳೆಲ್ಲ ಈ ದ್ರಾವಕಕ್ಕೆ ಎಣ್ಣೆಗಿಂತಲೂ ಸುಲಭವಾಗಿ ಕರಗುವಂಥವು, ಅವೆಲ್ಲ ತುಪ್ಪದಲ್ಲಿ ಬಂದು ಕೂರುತ್ತವೆ. ಸಿಪ್ಪೆಗೆ ಉಪ್ಪು ಹಾಕುವ ಮನೆಗಳಿಂದ ತಂದ ಬೀಜವಾದರೆ ಒಣಗಿಸುವ ಮೊದಲು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆಯಬೇಕು. ಉಪ್ಪಿನಲ್ಲಿರುವ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನೂ ಚುಕ್ಕೆಚುಕ್ಕೆಯಾಗಿ ಕೊರೆಯುತ್ತದೆ, ಮತ್ತು 300 ಬಾರ್ ಹೊತ್ತ ಪಾತ್ರೆಯಲ್ಲಿ ಅಂಥ ಒಂದು ಚುಕ್ಕೆಯೂ ಇರಕೂಡದು. ಕಾರವಾರ, ಅಂಕೋಲೆಯ ಕಡಲಗಾಳಿಯಲ್ಲಿ ಯಂತ್ರವಿಟ್ಟವರು ಪಾತ್ರೆಯ ಹೊರಮೈಯನ್ನೂ ವಾರಕ್ಕೊಮ್ಮೆ ಸಿಹಿನೀರಿನ ಬಟ್ಟೆಯಿಂದ ಒರೆಸುವುದು ಒಳ್ಳೆಯದು.

ಪುಡಿ ಮಾಡುವುದು, ತುಂಬುವುದು

ಚಿಪ್ಪು ಬಿಡಿಸಿದ ಪಪ್ಪನ್ನು ಪುಡಿ ಮಾಡಿ, 0.3ರಿಂದ 0.8 ಮಿಲಿಮೀಟರ್ ನಡುವಿನ ಕಣಗಳನ್ನು ಜರಡಿಯಲ್ಲಿ ಬೇರ್ಪಡಿಸಿಕೊಳ್ಳಬೇಕು. ಎಣ್ಣೆಯ ಜೀವಕೋಶಗಳು ಒಡೆದಷ್ಟೂ ಅದು ಬೇಗ ಹೊರಬರುತ್ತದೆ ಎಂಬುದು ನಿಜ, ಆದರೆ ಹಿಟ್ಟಿನಷ್ಟು ನಯ ಮಾಡಿದರೆ ಅನಿಲ ಹಾಯಲು ದಾರಿಯೇ ಇಲ್ಲದೆ ಪುಡಿ ಗಟ್ಟಿಯಾಗುತ್ತದೆ, ಅಥವಾ ಒಂದೇ ಬಿರುಕಿನಲ್ಲಿ ಅನಿಲವೆಲ್ಲ ನುಗ್ಗಿಹೋಗಿ ಉಳಿದ ಪುಡಿ ಮುಟ್ಟದೆಯೇ ಉಳಿಯುತ್ತದೆ. ಮುರುಗಲು ಪಪ್ಪು ಕೊಬ್ಬಿನಿಂದ ತುಂಬಿರುವುದರಿಂದ ಮಿಕ್ಸರ್ ಬಿಸಿಯಾದರೆ ಮುದ್ದೆಯಾಗುತ್ತದೆ. ಪಪ್ಪನ್ನು ಮೊದಲು ತಣ್ಣಗಾಗಿಸಿ, ಸ್ವಲ್ಪ ಸ್ವಲ್ಪವೇ ಹಾಕಿ, ತಡೆತಡೆದು ತಿರುಗಿಸಬೇಕು. ಆದರೂ ಅಂಟುತ್ತಿದ್ದರೆ ತೊಳೆದು ಒಣಗಿಸಿದ ಭತ್ತದ ಹೊಟ್ಟನ್ನು ಬೆರೆಸಿ ಸಡಿಲ ಮಾಡಬಹುದು. ಹೊಟ್ಟಿನ ತೂಕವನ್ನು ಪ್ರತ್ಯೇಕವಾಗಿ ಬರೆದಿಡಲು ಮರೆಯಬಾರದು.

ಇದೇ ಹಂತದಲ್ಲಿ ಐದಾರು ಗ್ರಾಂ ಪುಡಿಯನ್ನು ಸಾಕ್ಸ್‌ಲೆಟ್ ಉಪಕರಣದಲ್ಲಿ (ದ್ರಾವಕವನ್ನು ಮತ್ತೆ ಮತ್ತೆ ಹಾಯಿಸಿ ಕೊಬ್ಬು ತೆಗೆಯುವ ಗಾಜಿನ ಸಾಧನ) ಹೆಕ್ಸೇನ್‌ನಿಂದ ಪರೀಕ್ಷಿಸಿ, ಒಟ್ಟು ಕೊಬ್ಬು ಎಷ್ಟಿದೆ ಎಂದು ತಿಳಿದುಕೊಳ್ಳಬೇಕು. ಕಾಲೇಜು ಪ್ರಯೋಗಾಲಯಗಳಲ್ಲಿ ಇದು ದಿನನಿತ್ಯದ ಕೆಲಸ. ಈ ಸಂಖ್ಯೆ ಕೈಯಲ್ಲಿಲ್ಲದೆ, ಕೊನೆಗೆ ಸಿಕ್ಕಿದ ತುಪ್ಪ ನೂರಕ್ಕೆ ತೊಂಬತ್ತೋ ಅರವತ್ತೋ ಎಂದು ಹೇಳುವುದು ಸಾಧ್ಯವಿಲ್ಲ.

ಪಾತ್ರೆಯ ಬುಟ್ಟಿಯ ತಳದಲ್ಲೂ ಮೇಲೂ ಲೋಹದ ಸೋಸುತಟ್ಟೆ ಇರಬೇಕು. ಪುಡಿಯನ್ನು ನಾಲ್ಕೈದು ಪದರಗಳಲ್ಲಿ ಹಾಕಿ, ಪ್ರತಿ ಪದರವನ್ನೂ ಕೈಯಿಂದ ಲಘುವಾಗಿ ಸಮ ಮಾಡಿ; ಒತ್ತಿ ಗಿಡಿಯಬೇಡಿ. ಮೇಲೆ ಹತ್ತನೆಯ ಒಂದು ಭಾಗ ಖಾಲಿ ಬಿಡಿ.

ಒತ್ತಡಕ್ಕೆ ತರುವುದು, ಮತ್ತು ಕರಾವಳಿಯ ಬೇಸಿಗೆ

ಪಂಪ್ ತಳ್ಳುವುದು ದ್ರವರೂಪದ ಇಂಗಾಲದ ಡೈಆಕ್ಸೈಡ್ ಅನ್ನು. 20 ಡಿಗ್ರಿಯಲ್ಲಿ ಸಿಲಿಂಡರಿನ ಒತ್ತಡ 57 ಬಾರ್, 30 ಡಿಗ್ರಿಯಲ್ಲಿ 72 ಬಾರ್; ಅಲ್ಲಿಯವರೆಗೆ ಒಳಗೆ ದ್ರವ ಇರುತ್ತದೆ. ಕಾರವಾರದಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಉಷ್ಣತೆ 31 ಡಿಗ್ರಿ ದಾಟುವುದು ಸಾಮಾನ್ಯ, ಆಗ ಆಂಡ್ರ್ಯೂಸ್ ಕೊಳವೆಯಲ್ಲಿ ಕಂಡದ್ದೇ ನಿಮ್ಮ ಸಿಲಿಂಡರಿನೊಳಗೂ ನಡೆಯುತ್ತದೆ: ದ್ರವದ ಗೆರೆ ಮಾಯವಾಗಿ, ಪಂಪಿಗೆ ಹಿಡಿದುಕೊಳ್ಳಲು ದ್ರವವೇ ಸಿಗದೆ, ಅದು ಬರಿದೇ ಬಡಿದುಕೊಳ್ಳುತ್ತದೆ. ಬಿಸಿಲಿನ ತಗಡಿನಡಿ 40 ಡಿಗ್ರಿ ತಲುಪಿದರೆ ತುಂಬಿದ ಸಿಲಿಂಡರಿನ ಒತ್ತಡ 100 ಬಾರ್ ದಾಟಬಹುದು. ಆದ್ದರಿಂದ ಸಿಲಿಂಡರುಗಳನ್ನು ಗಾಳಿಯಾಡುವ ನೆರಳಿನಲ್ಲಿಟ್ಟು, ಅಡಿಯಿಂದ ದ್ರವ ಸೆಳೆಯುವ ಒಳಕೊಳವೆಯುಳ್ಳವನ್ನೇ ತರಿಸಿ, ಪಂಪಿಗೆ ಹೋಗುವ ಮೊದಲು ಚಿಲ್ಲರ್ ಎಂಬ ತಣಿಸುವ ಯಂತ್ರದ ಮೂಲಕ 5 ಡಿಗ್ರಿ ಅಥವಾ ಅದಕ್ಕೂ ಕೆಳಗೆ ತಣಿಸಬೇಕು. ಪಂಪಿನ ತಲೆಯನ್ನೂ ತಣ್ಣಗಿಡಬೇಕು. ಶಿರಸಿಯ ಡಿಸೆಂಬರಿನಲ್ಲಿ ಚಿಕ್ಕ ಚಿಲ್ಲರಿನಿಂದ ನಡೆಯುವ ಕೆಲಸ ಕಾರವಾರದ ಮೇ ತಿಂಗಳಲ್ಲಿ ನಡೆಯುವುದಿಲ್ಲ. ಯಂತ್ರ ಕೊಳ್ಳುವಾಗ ಚಿಲ್ಲರಿನ ಸಾಮರ್ಥ್ಯವನ್ನು ಬೇಸಿಗೆಯ ಲೆಕ್ಕದಲ್ಲೇ ಕೇಳಿ.

ಮುಚ್ಚಳ ಬಿಗಿದ ಮೇಲೆ ಮೊದಲು ಕಡಿಮೆ ಒತ್ತಡದ ಅನಿಲ ಹಾಯಿಸಿ ಒಳಗಿನ ಗಾಳಿಯನ್ನು ಹೊರದೂಡಿ. ಉಳಿದ ಆಮ್ಲಜನಕ ಎಣ್ಣೆಯನ್ನು ಕೆಡಿಸುತ್ತದೆ. ಸಿಲಿಂಡರಿನ ಒತ್ತಡಕ್ಕೆ ಬಂದಾಗ ಒಮ್ಮೆ ನಿಂತು, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಸೋರಿಕೆ ನೋಡಿ. ಆಮೇಲೆ ಪಾತ್ರೆಯ ಹೊರಕವಚದ ಬಿಸಿನೀರನ್ನು 60 ಡಿಗ್ರಿಗೆ ತಂದು, ಒತ್ತಡವನ್ನು ನಿಧಾನವಾಗಿ ಏರಿಸಿ. ಅನಿಲ ಅದುಮಿದಾಗ ತಾನೇ ಬಿಸಿಯಾಗುವುದರಿಂದ ಉಷ್ಣತೆ ಸ್ವಲ್ಪ ಮೇಲೆ ಹಾರಿ ಮತ್ತೆ ಇಳಿಯುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಗುರಿ ತಲುಪಿದ ಮೇಲೆ ಇಪ್ಪತ್ತು, ಮೂವತ್ತು ನಿಮಿಷ ಹರಿವಿಲ್ಲದೆ ನೆನೆಯಲು ಬಿಡಿ.

ಓಡಿಸುವಾಗ ಬರೆಯಬೇಕಾದ ಗೆರೆ

ಹರಿವು ಶುರುವಾದ ಮೇಲೆ ಪ್ರತಿ ಹತ್ತು ಕಿಲೋ ಅನಿಲಕ್ಕೊಮ್ಮೆ ತುಪ್ಪವನ್ನು ಇಳಿಸಿ ತೂಗಿ, ಅಡ್ಡಗೆರೆಯ ಮೇಲೆ ಅನಿಲದ ಕಿಲೋ, ಉದ್ದಗೆರೆಯ ಮೇಲೆ ಒಟ್ಟು ತುಪ್ಪದ ಗ್ರಾಂ ಗುರುತಿಸುತ್ತ ಹೋಗಬೇಕು. ಸಮಯದ ಲೆಕ್ಕದಲ್ಲಿ ಬರೆದರೆ ಬೇರೆ ಬೇರೆ ದಿನಗಳನ್ನು ಹೋಲಿಸಲಾಗದು. ಅನಿಲದ ತೂಕದ ಲೆಕ್ಕದಲ್ಲೇ ಬರೆಯಬೇಕು.

ಮೊದಲ ಭಾಗ ನೇರಗೆರೆಯಾಗಿ ಏರುತ್ತದೆ. ಒಡೆದ ಕೋಶಗಳ ಹೊರಮೈಯಲ್ಲಿರುವ ಎಣ್ಣೆ ಆಗ ಹೇರಳವಾಗಿದ್ದು, ಅನಿಲ ತನ್ನ ಶಕ್ತಿಯಿದ್ದಷ್ಟೂ ಹೊತ್ತು ಹೊರಬರುತ್ತದೆ. ಹಾಗಾಗಿ ಆ ನೇರಗೆರೆಯ ಇಳಿಜಾರೇ, ಅಂದರೆ ಕಿಲೋಗೆ ಇಷ್ಟು ಗ್ರಾಂ ಎಂಬುದೇ, ನಿಮ್ಮ ಬೀಜದ ಕರಗುವಿಕೆ. ಅದು ನಿಜವಾಗಿ ತುಂಬಿದ ಪ್ರಮಾಣವೇ ಎಂದು ತಿಳಿಯಲು ಹರಿವನ್ನು ಅರ್ಧಕ್ಕೆ ಇಳಿಸಿ ನೋಡಿ. ಇಳಿಜಾರು ಬದಲಾಗದಿದ್ದರೆ ಅನಿಲ ತುಂಬಿಯೇ ಹೊರಬರುತ್ತಿದೆ. ಇಳಿಜಾರು ಏರಿದರೆ ಮೊದಲಿನ ಹರಿವು ಅತಿಯಾಗಿತ್ತು, ಅನಿಲ ಅರೆಹೊಟ್ಟೆಯಲ್ಲೇ ಓಡಿಹೋಗುತ್ತಿತ್ತು. ಸಮೀಕರಣದಿಂದ ಬಂದ ಸಂಖ್ಯೆಯ ಪಕ್ಕದಲ್ಲಿ ಇದನ್ನು ಬರೆದಿಟ್ಟುಕೊಂಡರೆ ಮುಂದಿನ ಎಲ್ಲ ಯೋಜನೆಗೂ ಆಧಾರ ಸಿಕ್ಕಂತೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಹಂತ ಇದು. ಕಾಗದದ ಮೇಲಿನ ಗೆರೆ ಪಾತ್ರೆಯೊಳಗೆ ನಡೆಯುತ್ತಿರುವುದನ್ನು ಕಣ್ಣೆದುರು ತಂದಿಡುತ್ತದೆ.

ಮುಂದೆ ಗೆರೆ ಬಾಗುತ್ತದೆ. ಹೊರಮೈಯ ಎಣ್ಣೆ ಮುಗಿದು, ಒಡೆಯದ ಕೋಶಗಳ ಒಳಗಿನಿಂದ ನಿಧಾನವಾಗಿ ಜಿನುಗುವುದು ಮಾತ್ರ ಉಳಿದಿದೆ ಎಂದು ಅದರ ಅರ್ಥ. ಆಮೇಲೆ ಒತ್ತಡ ಏರಿಸಿದರೂ ಹೆಚ್ಚಿನ ಲಾಭವಿಲ್ಲ. ಗೆರೆ ಬಹಳ ಬೇಗ ಬಾಗಿದರೆ, ಅಂದರೆ ಅರ್ಧ ಎಣ್ಣೆಯೂ ಬರುವ ಮೊದಲೇ ಬಾಗಿದರೆ, ಪುಡಿ ದಪ್ಪವಾಗಿತ್ತು ಅಥವಾ ಅನಿಲ ಒಂದೇ ಬಿರುಕಿನಲ್ಲಿ ನುಗ್ಗಿಹೋಗಿದೆ. ಪಾತ್ರೆ ತೆರೆದಾಗ ಹಿಂಡಿಯ ಬಣ್ಣವನ್ನು ನೋಡಿ: ಎಣ್ಣೆ ಹೋದ ಭಾಗ ಬಿಳಿಚಿಕೊಂಡು ಉದುರುದುರಾಗಿ, ಉಳಿದ ಭಾಗ ಕಂದಾಗಿ ಜಿಡ್ಡಾಗಿ ಇದ್ದರೆ ತುಂಬುವ ಕ್ರಮದಲ್ಲೇ ದೋಷವಿದೆ.

ಮೊದಲ ಹತ್ತನೆಯ ಒಂದು ಭಾಗದ ತುಪ್ಪವನ್ನು ಬೇರೆ ಪಾತ್ರೆಯಲ್ಲಿ ಹಿಡಿದಿಡಲು ನಾನು ಒತ್ತಾಯಿಸುತ್ತೇನೆ. ಬಿಡುಗಡೆಯಾದ ಆಮ್ಲಗಳು ಮುಂಚೆ ಕರಗುವುದರಿಂದ, ಸ್ವಲ್ಪ ಹಳತಾದ ಬೀಜದ ಹುಳಿಯೆಲ್ಲ ಆ ಮೊದಲ ಪಾಲಿನಲ್ಲಿ ಸೇರಿ ಬರುತ್ತದೆ. ಅದನ್ನು ಸೋಪಿಗೆ ಕೊಟ್ಟರೆ ಉಳಿದ ತುಪ್ಪದ ದರ್ಜೆ ಏರುತ್ತದೆ.

ತುಪ್ಪ ಇಳಿಸುವುದು

ಅನಿಲದ ಒತ್ತಡವನ್ನು 55 ಬಾರ್‌ಗೆ ಇಳಿಸಿದ ಕೂಡಲೇ ಅದರ ಕರಗಿಸುವ ಶಕ್ತಿ ಇಲ್ಲವೇ ಇಲ್ಲವೆನ್ನುವಷ್ಟು ಕುಸಿದು, ಎಣ್ಣೆ ಬೇರ್ಪಡುತ್ತದೆ. ಸೂರ್ಯಕಾಂತಿ ಎಣ್ಣೆಯಾದರೆ ಇಷ್ಟಕ್ಕೇ ಕೆಲಸ ಮುಗಿಯುತ್ತಿತ್ತು. ಆದರೆ ಮುರುಗಲು ತುಪ್ಪ ಕರಗುವುದು 38ರಿಂದ 42 ಡಿಗ್ರಿಯಲ್ಲಿ, ಮತ್ತು 300 ಬಾರ್‌ನಿಂದ 55ಕ್ಕೆ ಇಳಿಯುವ ಅನಿಲ ತಾನೇ ತಣ್ಣಗಾಗಿ 20 ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ಬಿಸಿ ಕೊಡದಿದ್ದರೆ ತುಪ್ಪ ಕವಾಟದ ಬಾಯಲ್ಲೇ ಮೇಣದಂತೆ ಗಟ್ಟಿಯಾಗಿ ದಾರಿ ಮುಚ್ಚುತ್ತದೆ. ಆದ್ದರಿಂದ ಒತ್ತಡ ಇಳಿಸುವ ಕವಾಟಕ್ಕೂ ಅದರ ಮುಂದಿನ ಕೊಳವೆಗೂ ಬಿಸಿಪಟ್ಟಿ ಸುತ್ತಿ, ಎಣ್ಣೆ ಬಂದು ಸೇರುವ ಬೇರ್ಪಡಿಸುವ ಪಾತ್ರೆಯನ್ನು 45ರಿಂದ 50 ಡಿಗ್ರಿಯಲ್ಲಿಡಬೇಕು. ಕವಾಟ ಕಟ್ಟಿಕೊಂಡರೆ ಅದನ್ನು ಇನ್ನಷ್ಟು ತೆರೆಯುವುದು ತಪ್ಪು. ಗಟ್ಟಿ ಒಮ್ಮೆಲೇ ಬಿಟ್ಟುಕೊಂಡಾಗ ಒತ್ತಡವೆಲ್ಲ ಮುಂದಿನ ಪಾತ್ರೆಗೆ ನುಗ್ಗುತ್ತದೆ. ಪಂಪ್ ನಿಲ್ಲಿಸಿ, ಕವಾಟವನ್ನು ಮುಚ್ಚಿ, ಹೊರಗಿನಿಂದ ಬಿಸಿ ಮಾಡಿ, ನಿಧಾನವಾಗಿ ತೆರೆಯಿರಿ.

ಒತ್ತಡ ಬದಲಾದಂತೆ ಕರಗಿಸುವ ಶಕ್ತಿಯೂ ಬದಲಾಗುವ ಗುಣವನ್ನು ಜಾಯಿಕಾಯಿಯಲ್ಲಿ ಲಾಭಕ್ಕೆ ತಿರುಗಿಸಿಕೊಳ್ಳಬಹುದು. ಅದರ ಪರಿಮಳ ತೈಲ 90 ಬಾರ್, 45 ಡಿಗ್ರಿಯಷ್ಟು ಹಗುರವಾದ ಅನಿಲದಲ್ಲೇ ಕರಗುತ್ತದೆ, ಕೊಬ್ಬು ಆಗ ಬಹುತೇಕ ಅಲ್ಲಾಡುವುದಿಲ್ಲ. ಮೊದಲು ಆ ಒತ್ತಡದಲ್ಲಿ ಪರಿಮಳವನ್ನು ತೆಗೆದು, ಪಾತ್ರೆ ತೆರೆಯದೆಯೇ 300 ಬಾರ್‌ಗೆ ಏರಿಸಿ ಕೊಬ್ಬನ್ನು ತೆಗೆದರೆ, ಒಂದೇ ಪುಡಿಯಿಂದ ಎರಡು ಸರಕು ಸಿಗುತ್ತವೆ. ಕಾಳುಮೆಣಸಿನಲ್ಲೂ ಕ್ರಮ ಇದೇ: ಪರಿಮಳ ಕೆಳಗಿನ ಒತ್ತಡದಲ್ಲಿ, ಖಾರ ಕೊಡುವ ಪೈಪರೀನ್ ಮೇಲಿನ ಒತ್ತಡದಲ್ಲಿ. ಇಲ್ಲಿ ಬೇರ್ಪಡಿಸುವ ಪಾತ್ರೆಯನ್ನು ಮುರುಗಲಿನಂತೆ ಬಿಸಿಯಾಗಿಟ್ಟರೆ ಪರಿಮಳ ಅನಿಲದೊಂದಿಗೇ ಹೊರಟುಹೋಗುತ್ತದೆ; ಮೊದಲ ಹಂತದಲ್ಲಿ ಅದನ್ನು ತಣ್ಣಗಿಡಬೇಕು.

ಒತ್ತಡ ಬಿಡುವುದು ಮತ್ತು ಕೋಣೆಯ ಗಾಳಿ

ಮುಗಿದ ಮೇಲೆ ಒತ್ತಡವನ್ನು ಅರ್ಧ ಗಂಟೆಗೂ ಹೆಚ್ಚು ಸಮಯ ತೆಗೆದುಕೊಂಡು ಬಿಡಬೇಕು. ಒಮ್ಮೆಲೇ ಬಿಟ್ಟರೆ 5 ಬಾರ್‌ನ ಹತ್ತಿರ ಒಣಮಂಜು (ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್) ಕಟ್ಟಿ ಕೊಳವೆ ಮುಚ್ಚುತ್ತದೆ, ಉಕ್ಕು ವಿಪರೀತ ತಣಿಯುತ್ತದೆ, ಮತ್ತು ಮುಚ್ಚಳದ ರಬ್ಬರ್ ಉಂಗುರದೊಳಗೆ ಸೇರಿಕೊಂಡ ಅನಿಲ ಹಿಗ್ಗಿ ಉಂಗುರವನ್ನೇ ಸೀಳುತ್ತದೆ. ಒತ್ತಡಮಾಪಕ ಸೊನ್ನೆ ತೋರಿಸಿದರೂ ಹೊರಬಿಡುವ ಕವಾಟ ತೆರೆದಿಟ್ಟು ಐದು ನಿಮಿಷ ಕಾಯದೆ ಮುಚ್ಚಳಕ್ಕೆ ಕೈ ಹಾಕಬಾರದು. ಪಾತ್ರೆಗೆ ನೀರಿನೊತ್ತಡ ಪರೀಕ್ಷೆಯ ಪ್ರಮಾಣಪತ್ರವೂ, ಮಿತಿ ಮೀರಿದರೆ ತಾನೇ ಒಡೆದು ಒತ್ತಡ ಬಿಡುವ ಸುರಕ್ಷಾ ತಟ್ಟೆಯೂ ಇಲ್ಲದಿದ್ದರೆ ಆ ಯಂತ್ರದಲ್ಲಿ ಕೆಲಸ ಮಾಡಬೇಡಿ, ಯಾರು ಹೇಳಿದರೂ ಮಾಡಬೇಡಿ.

ಗಾಳಿಯ ವಿಷಯದಲ್ಲಿ ಒಂದು ಲೆಕ್ಕ. ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಕೋಣೆಯ ಉಷ್ಣತೆಯಲ್ಲಿ ಸುಮಾರು 550 ಲೀಟರ್ ಜಾಗ ತೆಗೆದುಕೊಳ್ಳುತ್ತದೆ. ನಾಲ್ಕು ಮೀಟರ್ ಉದ್ದ, ನಾಲ್ಕು ಅಗಲ, ಮೂರು ಎತ್ತರದ ಮುಚ್ಚಿದ ಕೋಣೆಯಲ್ಲಿ ಒಂದು ಪಾತ್ರೆಯ ಎರಡೂವರೆ ಕಿಲೋ ಬಿಟ್ಟರೆ ಗಾಳಿಯಲ್ಲಿ ಅದು ಶೇ. 3ರ ಹತ್ತಿರ ಬರುತ್ತದೆ. ಎಂಟು ಗಂಟೆಯ ಕೆಲಸಕ್ಕೆ ಒಪ್ಪಿದ ಮಿತಿ ಶೇ. 0.5, ಕೆಲವೇ ನಿಮಿಷಗಳಿಗೆ ಶೇ. 3, ಶೇ. 10 ತಲುಪಿದರೆ ಮನುಷ್ಯ ಬೇಗನೆ ಪ್ರಜ್ಞೆ ತಪ್ಪುತ್ತಾನೆ. ಮೂವತ್ತು ಕಿಲೋದ ಸಿಲಿಂಡರ್ ಪೂರ್ತಿ ಸೋರಿದರೆ ಆ ಅನಿಲ ಕೋಣೆಯ ಗಾತ್ರದ ಮೂರನೆಯ ಒಂದು ಭಾಗವಾಗುತ್ತದೆ. ಬಣ್ಣವಿಲ್ಲ, ಎಚ್ಚರಿಸುವ ವಾಸನೆಯಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ನೆಲದಲ್ಲಿ ಹಬ್ಬುತ್ತದೆ. ಹೊರಬಿಡುವ ಕೊಳವೆಯನ್ನು ಕಟ್ಟಡದ ಹೊರಗೆ ಒಯ್ಯಿರಿ, ಗಾಳಿ ಹೊರತಳ್ಳುವ ಫ್ಯಾನನ್ನು ನೆಲದ ಮಟ್ಟದಲ್ಲಿಡಿ, ಅಳೆಯುವ ಸಂವೇದಕವನ್ನೂ ಮೊಣಕಾಲೆತ್ತರದಲ್ಲೇ ಕೂರಿಸಿ. ಮಳೆಗಾಲದಲ್ಲಿ ಎರಚಲು ತಡೆಯಲೆಂದು ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಕೊಳ್ಳುವುದು ನಮ್ಮಲ್ಲಿ ವಾಡಿಕೆ; ಯಂತ್ರ ಓಡುವ ಕೋಣೆಯಲ್ಲಿ ಅದು ಸಲ್ಲದು. ತಗ್ಗಿನ ನೆಲಮಾಳಿಗೆಯಲ್ಲಿ ಯಂತ್ರವನ್ನು ಇಡಲೇಬಾರದು.

ಪರೀಕ್ಷೆ, ಶೇಖರಣೆ

ತುಪ್ಪವನ್ನು 50 ಡಿಗ್ರಿಯಲ್ಲಿ ಕರಗಿಸಿ, ಕರಗಿದ ಅನಿಲ ಗುಳ್ಳೆಯಾಗಿ ಹೊರಹೋಗುವವರೆಗೆ ಕಾದು, ಆಮೇಲೆ ತೂಗಬೇಕು. ಆಮ್ಲದ ಅಂಶ, ಎಣ್ಣೆ ಕಮಟತೊಡಗಿದೆಯೇ ಎಂದು ತೋರಿಸುವ ಪೆರಾಕ್ಸೈಡ್ ಸಂಖ್ಯೆ, ತೇವಾಂಶ, ಕರಗುವ ಬಿಂದು, ಈ ನಾಲ್ಕು ಪರೀಕ್ಷೆ ಸಾಕು. ಅಂಟಿನಂಥ ಫಾಸ್ಫೊಲಿಪಿಡ್‌ಗಳು ಈ ದ್ರಾವಕದಲ್ಲಿ ಕರಗದಿರುವುದರಿಂದ ಎಣ್ಣೆ ತಿಳಿಯಾಗಿ ಬರುತ್ತದೆ, ಅಂಟು ತೆಗೆಯುವ ಸಂಸ್ಕರಣೆ ಬೇಕಾಗುವುದಿಲ್ಲ. ಆದರೆ ಎಣ್ಣೆ ಕಮಟದಂತೆ ಕಾಯುವುದರಲ್ಲಿ ಅವುಗಳಿಗೂ ಒಂದು ಪಾತ್ರವಿದೆ. ಅವಿಲ್ಲದ ಎಣ್ಣೆ, ಅದರಲ್ಲೂ ದ್ರವ ಎಣ್ಣೆ, ಬೇಗ ಕಮಟಬಹುದು. ಮುರುಗಲು ತುಪ್ಪ ಗಟ್ಟಿ ಕೊಬ್ಬಾದ್ದರಿಂದ ಹೆಚ್ಚು ದಿನ ತಾಳುತ್ತದೆಯಾದರೂ ಬೆಳಕು ಬೀಳದ ಡಬ್ಬಿಯಲ್ಲಿ, ಬಾಯಿಮಟ್ಟ ತುಂಬಿ, ಗಾಳಿಗೆ ಜಾಗವಿಲ್ಲದಂತೆ ಮುಚ್ಚಿಡಬೇಕು. ಉಳಿದ ಹಿಂಡಿಯಲ್ಲಿ ಯಾವ ದ್ರಾವಕವೂ ಉಳಿದಿರುವುದಿಲ್ಲ. ಅದು ನೇರವಾಗಿ ತೋಟದ ಗೊಬ್ಬರಕ್ಕೆ ಹೋಗಬಹುದು.

ಸ್ವಂತ ಯಂತ್ರಕ್ಕೆ ಹಣ ಹೂಡುವ ಮೊದಲು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಂಥ (ಸಿಎಫ್‌ಟಿಆರ್‌ಐ) ಸಂಸ್ಥೆಯಲ್ಲಿ ವಿಚಾರಿಸಿ, ಅಥವಾ ಬಾಡಿಗೆ ಘಟಕದಲ್ಲಿ, ಒಂದೇ ಬೀಜವನ್ನು 200, 300 ಮತ್ತು ಸಾಧ್ಯವಿದ್ದರೆ 400 ಬಾರ್‌ನಲ್ಲಿ ಓಡಿಸಿ ಮೂರು ಗೆರೆಗಳನ್ನು ಒಂದೇ ಹಾಳೆಯ ಮೇಲೆ ಬರೆದುಕೊಳ್ಳಿ. ಯಂತ್ರ ಮಾರುವವರ ಮುಂದೆ ಕೂರುವಾಗ ಆ ಹಾಳೆ ನಿಮ್ಮ ಕೈಯಲ್ಲಿರಲಿ.